ಎಡಗೈಯ ಮೇಳ: ವಿದ್ಯುದ್ವಾದ್ಯಗಳ ಪೂರ್ವೋತ್ತರ

ನಮ್ಮ ಊರುಗಳಲ್ಲಿ ಮದುವೆಯ ಮಂಟಪದಲ್ಲಾಗಲಿ ಗಣೇಶೋತ್ಸವದ ಚಪ್ಪರದಲ್ಲಾಗಲಿ ಹಾಡುಗಾರರ ಮಗ್ಗುಲಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿರುವ ಕರಿಬಿಳಿ ಮನೆಗಳ ಉದ್ದನೆಯ ವಾದ್ಯವನ್ನು ಜನರು 'ಕ್ಯಾಸಿಯೋ' ಎಂದು ಕರೆಯುವುದುಂಟು. ವಾದ್ಯದ ಮೇಲೆ ಯಮಾಹ, ರೋಲೆಂಡ್, ಕೋರ್ಗ್ ಎಂದು ಬೇರೆ ಹೆಸರನ್ನು ಬರೆದಿದ್ದರೂ ಕರೆಯುವ ಹೆಸರು ಅದೇ. ವನಸ್ಪತಿಯನ್ನೆಲ್ಲ 'ಡಾಲ್ಡಾ' ಎಂದಂತೆ. ಬಲಗೈ ಹಾಡಿನ ಧಾಟಿಯನ್ನು ನುಡಿಸುತ್ತಿರುವಾಗ ಎಡಗೈಯ ಎರಡು ಮೂರು ಬೆರಳುಗಳು ಒಂದು ಸ್ವರಗುಚ್ಛವನ್ನು ಒತ್ತಿದ ಮಾತ್ರಕ್ಕೆ ಚರ್ಮವಾದ್ಯ, ಮಂದ್ರದ ತಂತಿ, ಗಿಟಾರು, ಪಿಟೀಲುಗಳ ಸಮೂಹ ಇಷ್ಟೂ ತಾಳ ತಪ್ಪದೆ ಹೊರಡುವುದು ಈ ವಾದ್ಯದ ವಿಶೇಷ. ಪಾಶ್ಚಾತ್ಯರು ಇದನ್ನು 'ಅರೇಂಜರ್' ಎನ್ನುತ್ತಾರೆ. ಮೇಳವನ್ನು ಅಣಿಗೊಳಿಸುವವನು ಎಂದರ್ಥ.

ಇದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ೧೯೮೦ರಿಂದ ಆರಂಭಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕು. ಏಕೆಂದರೆ ಈ ವಾದ್ಯದಲ್ಲಿ ಎರಡು ಪ್ರತ್ಯೇಕ ವಂಶಗಳು ಕೂಡಿವೆ. ಬಲಗೈಗೆ ನಾದವನ್ನು ಒದಗಿಸುವ ವಿದ್ಯೆ ಒಂದು; ಎಡಗೈಗೆ ಮೇಳವನ್ನು ಒಪ್ಪಿಸುವ ವಿದ್ಯೆ ಇನ್ನೊಂದು. ಮೊದಲನೆಯದನ್ನು ಕುರಿತು ಗ್ರಂಥಗಳಿವೆ. ಎರಡನೆಯದನ್ನು ವಿದ್ವಾಂಸರು ಸ್ವಲ್ಪ ತಾತ್ಸಾರದಿಂದಲೇ ಕಂಡಿದ್ದಾರೆ. ಆದರೆ ವಾದ್ಯಗಾರರ ಅನ್ನಕ್ಕೆ ಸಂಬಂಧಪಟ್ಟದ್ದು ಎರಡನೆಯದೇ.

೧೮೨೯ರಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯನ್ ಎಂಬ ವಾದ್ಯಶಿಲ್ಪಿಯು 'ಅಕಾರ್ಡಿಯನ್' ಎಂಬ ಪುಟ್ಟ ಪೆಟ್ಟಿಗೆಗೆ ಹಕ್ಕುಪತ್ರವನ್ನು ಪಡೆದನು. ಅದರ ಒಂದೊಂದು ಮನೆಯನ್ನು ಒತ್ತಿದರೂ ಒಂದು ಸ್ವರವಲ್ಲ, ಒಂದು ಸ್ವರಗುಚ್ಛವೇ ಹೊರಡುತ್ತಿತ್ತು. ಗುಚ್ಛಕ್ಕೆ ಜರ್ಮನ್ ಭಾಷೆಯಲ್ಲಿ 'ಅಕ್ಕೋರ್ಡ್' ಎಂದು ಹೆಸರು. ವಾದ್ಯದ ಹೆಸರೂ ಅಲ್ಲಿಂದಲೇ ಬಂದಿತು. ಮೂರು ಬೆರಳಿನ ಕೆಲಸವನ್ನು ಒಂದು ಬೆರಳಿಗೆ ಇಳಿಸಿದ ಮೊದಲ ಉಪಾಯಗಳಲ್ಲಿ ಇದೊಂದು. ಮುಂದೆ ಅಕಾರ್ಡಿಯನ್ನು ಬೆಳೆದು, ಬಲಗೈಗೆ ರಾಗದ ಮನೆಗಳೂ ಎಡಗೈಗೆ ಮಂದ್ರಸ್ವರ ಮತ್ತು ಗುಚ್ಛಗಳ ಗುಂಡಿಗಳೂ ಹಂಚಿಕೆಯಾದವು. ಇಟಲಿಯ ಮಾರ್ಕೆ ಪ್ರಾಂತದ ಕಾಸ್ಟೆಲ್‌ಫಿದಾರ್ದೋ ಎಂಬ ಊರಿನಲ್ಲಿ ೧೮೬೩ರಲ್ಲಿ ಪಾವ್ಲೋ ಸೊಪ್ರಾನಿ ಎಂಬಾತನು ಇದರ ತಯಾರಿಕೆಯನ್ನು ಆರಂಭಿಸಿದ ಮೇಲೆ ಆ ಪ್ರಾಂತವೆಲ್ಲ ಅಕಾರ್ಡಿಯನ್ನಿನ ಕಮ್ಮಟವಾಯಿತು. ಈ ಪ್ರಾಂತದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಅದು ಮುಂದೆ ಪುನಃ ಬರುತ್ತದೆ.

ಅಕಾರ್ಡಿಯನ್ನಿನಲ್ಲಿ ನುಡಿಯುವುದು ಗಾಳಿಯ ಒತ್ತಡಕ್ಕೆ ಅದುರುವ ಲೋಹದ ನಾಲಗೆ. ಅದೇ ತತ್ತ್ವದ ಮೇಲೆ ೧೮೪೨ರಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ ಎಂಬುವನು ಹಾರ್ಮೋನಿಯಮ್ಮಿಗೆ ಹಕ್ಕುಪತ್ರವನ್ನು ಪಡೆದನು. ೧೮೭೫ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದಕ್ಕೆ ಕೈತಿದಿಯನ್ನು ಹೊಂದಿಸಿ, ನೆಲದ ಮೇಲೆ ಕುಳಿತು ನುಡಿಸುವ ಭಾರತೀಯ ರೂಪವನ್ನು ಕೊಟ್ಟರು. ನಮ್ಮ ನಾಟಕ ಕಂಪೆನಿಗಳ ರಂಗದ ಮುಂದೆ ಕಾಲುತಿದಿಯ ಹಾರ್ಮೋನಿಯಂ ಮೆರೆದದ್ದೂ, ಉತ್ತರ ಕರ್ನಾಟಕದ ಭಜನೆಯ ಮನೆಗಳಲ್ಲಿ 'ಪೇಟಿ' ಮನೆಮಾತಾದದ್ದೂ ವಾಚಕರಿಗೆ ವಿದಿತವೇ ಇದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯೂರೋಪಿನ ಅಕಾರ್ಡಿಯನ್ನುಗಾರನ ಎಡಗೈ ತಿದಿಯನ್ನು ಎಳೆಯುತ್ತಲೇ ಗುಚ್ಛಗಳನ್ನೂ ನುಡಿಸಿತು. ನಮ್ಮ ಪೇಟಿಯವನ ಎಡಗೈ ತಿದಿಯನ್ನು ಮಾತ್ರ ಒತ್ತಿತು. ಒಂದೇ ಧಾಟಿಯನ್ನು ಆಧಾರಶ್ರುತಿಯ ಮೇಲೆ ಬೆಳೆಸುವ ನಮ್ಮ ಸಂಗೀತಕ್ಕೆ ಅಷ್ಟೇ ಸಾಕಾಗಿತ್ತು. ಹೀಗಾಗಿ ನೂರು ವರ್ಷಗಳ ಮೇಲೆ ವಿದ್ಯುದ್ವಾದ್ಯವು ಬಂದು ತಿದಿಯ ಕೆಲಸವೇ ಇಲ್ಲವಾದಾಗ, ಪಾಶ್ಚಾತ್ಯನ ಎಡಗೈಗೆ ಏನು ಮಾಡಬೇಕೆಂಬುದು ಮೊದಲೇ ತಿಳಿದಿತ್ತು. ನಮ್ಮವರ ಎಡಗೈಗೆ ಹೊಸ ಉದ್ಯೋಗವನ್ನು ಹುಡುಕಬೇಕಾಯಿತು.

ಜಪಾನಿನ ಕಥೆಯೂ ಇದೇ ನಾಲಗೆಯ ವಾದ್ಯದಿಂದ ಹೊರಟಿರುವುದು ಸೋಜಿಗ. ೧೮೮೭ರಲ್ಲಿ ಹಮಾಮಾತ್ಸು ಊರಿನ ಶಾಲೆಯೊಂದರಲ್ಲಿ ಕೆಟ್ಟುಹೋಗಿದ್ದ ವಿದೇಶೀ ರೀಡ್ ಆರ್ಗನ್ನನ್ನು ದುರಸ್ತಿ ಮಾಡಿದ ತೊರಾಕುಸು ಯಮಾಹ ಎಂಬ ಕುಶಲಿಯೇ ಇಂದಿನ ಯಮಾಹ ಕಂಪೆನಿಯ ಮೂಲಪುರುಷ. ನಮ್ಮ ಪೇಟಿಗೂ ಆ ಮಹಾಸಂಸ್ಥೆಗೂ ದಾಯಾದಿ ಸಂಬಂಧವಿದೆಯೆನ್ನಬಹುದು.

ಇನ್ನು ಬಲಗೈಯ ವಂಶಕ್ಕೆ ಬರೋಣ. ಅಮೆರಿಕದ ಚಿಕಾಗೋ ನಗರದಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬ ಯಂತ್ರಶಿಲ್ಪಿಯು ವಿದ್ಯುತ್ತಿನ ಗಡಿಯಾರಗಳನ್ನು ಮಾಡುತ್ತಿದ್ದನು. ಊರಿಗೆ ಹರಿಯುವ ವಿದ್ಯುತ್ತಿನ ಆಂದೋಲನಕ್ಕೆ ಹೆಜ್ಜೆ ಕೂಡಿಸಿ ತಿರುಗುವ ಮೋಟಾರು ಅವನ ಗಡಿಯಾರದ ಹೃದಯ. ಅದೇ ಮೋಟಾರಿನಿಂದ ಹಲ್ಲುಗಳುಳ್ಳ ಉಕ್ಕಿನ ಬಿಲ್ಲೆಗಳನ್ನು ತಿರುಗಿಸಿ, ಪ್ರತಿಯೊಂದರ ಅಂಚಿಗೂ ತಂತಿ ಸುತ್ತಿದ ಅಯಸ್ಕಾಂತದ ಕಡ್ಡಿಯೊಂದನ್ನು ನಿಲ್ಲಿಸಿದರೆ, ಹಲ್ಲು ಹಾದುಹೋದಾಗಲೆಲ್ಲ ತಂತಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಹಲ್ಲು ಹಾದುಹೋಗುವುವೋ ಅಷ್ಟು ಕಂಪನಗಳ ಸ್ವರ ಹುಟ್ಟುತ್ತದೆ. ೧೯೩೪ರಲ್ಲಿ ಹಕ್ಕುಪತ್ರವನ್ನು ಪಡೆದು ೧೯೩೫ರಲ್ಲಿ ಮಾರಾಟಕ್ಕೆ ಬಂದ ಹ್ಯಾಮಂಡ್ ಆರ್ಗನ್ನಿನಲ್ಲಿ ಇಂತಹ ೯೧ ಬಿಲ್ಲೆಗಳಿದ್ದವು. ನುಡಿಸುವವನು ಒಂಬತ್ತು ಎಳೆಗಡ್ಡಿಗಳನ್ನು ಹೆಚ್ಚುಕಡಿಮೆ ಎಳೆದು, ಮೂಲಸ್ವರಕ್ಕೆ ಯಾವ ಉಪಸ್ವರವನ್ನು ಎಷ್ಟು ಬೆರೆಸಬೇಕೆಂದು ನಿರ್ಣಯಿಸುತ್ತಿದ್ದನು. ಸಾರಿಗೆ ಹುಳಿ ಉಪ್ಪು ಖಾರಗಳನ್ನು ಹದಮಾಡುವಂತೆ ನಾದವನ್ನು ಹದಮಾಡುವ ಈ ಕ್ರಮದಷ್ಟು ಸರಳವಾದ, ಪ್ರಾಮಾಣಿಕವಾದ ಉಪಾಯವನ್ನು ಮುಂದಿನವರು ಯಾರೂ ಕಂಡುಹಿಡಿಯಲಿಲ್ಲವೆಂದು ನಮಗೆ ತೋರುತ್ತದೆ.

ಚರ್ಚುಗಳ ಕೊಳವೆಯ ಆರ್ಗನ್ನಿಗೆ ಇದು ಸಮಾನವೆಂದು ಕಂಪೆನಿಯು ಜಾಹಿರಾತು ಮಾಡಲು, ಅಮೆರಿಕದ ವ್ಯಾಪಾರ ಆಯೋಗವು ಆಕ್ಷೇಪಿಸಿತು. ವಿಚಾರಣೆಯ ಅಂಗವಾಗಿ ಚಿಕಾಗೋ ವಿಶ್ವವಿದ್ಯಾನಿಲಯದ ಆರಾಧನಾಮಂದಿರದಲ್ಲಿ ಎರಡನ್ನೂ ಮರೆಯಲ್ಲಿಟ್ಟು ನುಡಿಸಿ, ಯಾವುದು ಯಾವುದೆಂದು ಕೇಳಲಾಯಿತು. ಸಂಗೀತತಜ್ಞರೇ ಸುಮಾರು ಮೂರರಲ್ಲೊಂದು ಸಲ ತಪ್ಪಿದರು. ಆದರೂ ೧೯೩೮ರಲ್ಲಿ ಆಯೋಗವು ಸಮಾನತೆಯ ಜಾಹಿರಾತನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಕೃತಕನಾದವು ನಿಜನಾದಕ್ಕೆ ಸಮವೇ ಎಂಬ ವಾದವು ನ್ಯಾಯಸ್ಥಾನವನ್ನು ಹತ್ತಿದ್ದು ಹೀಗೆ.

ಹ್ಯಾಮಂಡನೇ ೧೯೩೯ರಲ್ಲಿ 'ನೋವಾಕಾರ್ಡ್' ಎಂಬ ಇನ್ನೊಂದು ವಾದ್ಯವನ್ನು ತಂದನು. ಅದರಲ್ಲಿ ತಿರುಗುವ ಬಿಲ್ಲೆಗಳಿಲ್ಲ. ೧೬೩ ನಿರ್ವಾತ ನಳಿಕೆಗಳಿದ್ದವು. ಮೇಲಿನ ಸ್ಥಾಯಿಯ ಹನ್ನೆರಡು ಸ್ವರಗಳನ್ನು ಮಾತ್ರ ಹುಟ್ಟಿಸಿ, ಪ್ರತಿಯೊಂದರ ಕಂಪನಗಳನ್ನು ಎರಡರಿಂದ ಭಾಗಿಸುತ್ತ ಹೋದರೆ ಕೆಳಗಿನ ಸ್ಥಾಯಿಗಳೆಲ್ಲವೂ ತಾವಾಗಿಯೇ ದೊರೆಯುತ್ತವೆಂಬುದು ಅದರ ಗುಟ್ಟು. ಯುದ್ಧಕಾಲದಲ್ಲಿ ೧೯೪೨ಕ್ಕೆ ಅದರ ತಯಾರಿಕೆ ನಿಂತಿತು. ಭಾಗಾಕಾರದ ಉಪಾಯವು ಮಾತ್ರ ಉಳಿದುಕೊಂಡು, ಮುಂದಿನ ನಾಲ್ಕು ದಶಕಗಳ ಮನೆಯ ಆರ್ಗನ್ನುಗಳನ್ನೆಲ್ಲ ಸಾಕಿತು.

೧೯೪೭ರಲ್ಲಿ ಫ್ರಾನ್ಸಿನ ಕೋನ್‌ಸ್ತಾಂ ಮಾರ್ತಾಂ ಎಂಬುವನು 'ಕ್ಲಾವಿಯೋಲಿನ್' ಎಂಬ ಪುಟ್ಟ ವಾದ್ಯವನ್ನು ರಚಿಸಿದನು. ಏಕಕಾಲಕ್ಕೆ ಒಂದೇ ಸ್ವರ; ಸ್ವರವೂ ಮೂಗಿನಲ್ಲಿ ನುಡಿದಂತೆ. ಆ ದೋಷವೇ ನಮ್ಮ ದೇಶದಲ್ಲಿ ಅದರ ಭಾಗ್ಯವಾಯಿತು. ೧೯೫೪ರ 'ನಾಗಿನ್' ಎಂಬ ಹಿಂದೀ ಚಿತ್ರಕ್ಕೆ ಹೇಮಂತಕುಮಾರರು ಸಂಗೀತ ನಿರ್ದೇಶಕರಾಗಿದ್ದಾಗ, ಕಲ್ಯಾಣಜೀ ವೀರಜೀ ಶಾಹರು ಈ ವಾದ್ಯದ ಮೇಲೆ ಹಾವಾಡಿಗನ ಪುಂಗಿಯನ್ನು ನುಡಿಸಿದರು. ದೇಶಕ್ಕೆ ದೇಶವೇ ತಲೆದೂಗಿತು. ಅದು ಸೋರೆಬುರುಡೆಯಿಂದ ಹೊರಟದ್ದಲ್ಲ, ವಿದ್ಯುತ್ತಿನಿಂದ ಹೊರಟದ್ದೆಂದು ತಿಳಿದವರು ಎಷ್ಟು ಮಂದಿಯೋ!

ಇಷ್ಟು ಹೊತ್ತಿಗೆ ಎಡಗೈಯ ವಂಶವೂ ವಿದ್ಯುತ್ತಿನ ಮನೆಯನ್ನು ಹೊಕ್ಕಿತ್ತು. ೧೯೫೦ರಲ್ಲಿ ಹ್ಯಾಮಂಡ್ ಕಂಪೆನಿಯು ಮಾರಿದ 'ಕಾರ್ಡ್ ಆರ್ಗನ್' ಎಂಬುದರಲ್ಲಿ ಎಡಗೈಗೆ ಅಕಾರ್ಡಿಯನ್ನಿನಂತೆ ೯೬ ಗುಂಡಿಗಳಿದ್ದು, ಒಂದೊಂದೂ ಒಂದೊಂದು ಗುಚ್ಛವನ್ನು ನುಡಿಯುತ್ತಿತ್ತು. ಸಂಗೀತವನ್ನು ಕಲಿಯದ ಗೃಹಸ್ಥರಿಗಾಗಿ ಮಾಡಿದ ವಾದ್ಯವಿದು. ಉಳಿದದ್ದು ತಾಳ. ೧೯೫೯ರಲ್ಲಿ ವುರ್ಲಿಟ್ಜರ್ ಕಂಪೆನಿಯ 'ಸೈಡ್‌ಮ್ಯಾನ್' ಎಂಬ ಪೆಟ್ಟಿಗೆಯು ಆ ಕೊರತೆಯನ್ನು ತೀರಿಸಿತು. ಅದರೊಳಗೆ ಚಕ್ರವೊಂದು ತಿರುಗುತ್ತ ವಿದ್ಯುತ್ಸಂಪರ್ಕಗಳನ್ನು ಮುಟ್ಟಿದಂತೆಲ್ಲ ಕೃತಕವಾದ ಪೆಟ್ಟುಗಳು ಹೊರಡುತ್ತಿದ್ದವು. ವಾಲ್ಟ್ಜ್, ಫಾಕ್ಸ್‌ಟ್ರಾಟ್ ಮುಂತಾದ ಹನ್ನೆರಡು ನಡೆಗಳು ಅದರಲ್ಲಿದ್ದವು. 'ಸೈಡ್‌ಮ್ಯಾನ್' ಎಂದರೆ ಪಕ್ಕವಾದ್ಯದವನು. ಮನುಷ್ಯನ ಪದವಿಯ ಹೆಸರನ್ನೇ ಯಂತ್ರಕ್ಕೆ ಇಟ್ಟದ್ದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ.

ಜಪಾನಿನಲ್ಲಿ ಈ ಕೆಲಸವನ್ನು ಕೈಗೊಂಡವನು ಇಕುತಾರೋ ಕಾಕೆಹಾಶಿ. ಇವನೂ ಬಾಳನ್ನು ಆರಂಭಿಸಿದ್ದು ಗಡಿಯಾರ ರಿಪೇರಿಯ ಅಂಗಡಿಯಿಂದ. ಹ್ಯಾಮಂಡ್ ಗಡಿಯಾರದವನು, ಕಾಕೆಹಾಶಿಯೂ ಗಡಿಯಾರದವನು. ಕಾಲವನ್ನು ಅಳೆಯುವವರಿಗೇ ಲಯದ ಯಂತ್ರವು ಒಲಿದದ್ದು ಕೇವಲ ಕಾಕತಾಳೀಯವೆನ್ನಲು ನಮಗೆ ಮನಸ್ಸು ಬಾರದು. ೧೯೬೭ರಲ್ಲಿ ಅವನ ಏಸ್ ಟೋನ್ ಸಂಸ್ಥೆಯಿಂದ ಬಂದ 'ರಿದಂ ಏಸ್' ಎಂಬುದರಲ್ಲಿ ತಿರುಗುವ ಭಾಗವೇ ಇರಲಿಲ್ಲ; ಡಯೋಡುಗಳೆಂಬ ಪುಟ್ಟ ಬಿಡಿಭಾಗಗಳನ್ನು ಜಾಲದಂತೆ ಹೆಣೆದು ತಾಳದ ಪೆಟ್ಟುಗಳ ಕ್ರಮವನ್ನು ಬರೆದಿಡಲಾಗಿತ್ತು. ಹ್ಯಾಮಂಡ್ ಕಂಪೆನಿಯೇ ಇದನ್ನು ತನ್ನ ಆರ್ಗನ್ನುಗಳಲ್ಲಿ ಅಳವಡಿಸಿಕೊಂಡಿತು. ೧೯೭೨ರಲ್ಲಿ ಕಾಕೆಹಾಶಿಯು ರೋಲೆಂಡ್ ಕಂಪೆನಿಯನ್ನು ಸ್ಥಾಪಿಸಿದನು.

ನಡುವೆ ಇನ್ನೊಂದು ಮಾರ್ಗವನ್ನೂ ಜನರು ಪ್ರಯತ್ನಿಸಿದ್ದರು. ನಾದವನ್ನು ಹುಟ್ಟಿಸುವ ಗೋಜೇ ಬೇಡ, ನಿಜವಾದ ಮೇಳವನ್ನು ಮುದ್ರಿಸಿ ಮನೆಮನೆಗೂ ಕಟ್ಟಿಬಿಡೋಣವೆಂಬ ಮಾರ್ಗ ಅದು. ೧೯೬೩ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ 'ಮೆಲ್ಲೊಟ್ರಾನ್' ವಾದ್ಯದ ಪ್ರತಿಯೊಂದು ಮನೆಯ ಕೆಳಗೂ ಸುಮಾರು ಎಂಟು ಸೆಕೆಂಡುಗಳ ಧ್ವನಿಪಟ್ಟಿಯೊಂದಿರುತ್ತಿತ್ತು. ಬಲಗಡೆಯ ಮನೆಗಳಲ್ಲಿ ಪಿಟೀಲು, ಕೊಳಲು ಮುಂತಾದ ಬಿಡಿ ವಾದ್ಯಗಳು; ಎಡಗಡೆಯ ಮನೆಗಳಲ್ಲಿ ತಾಳ ಸಹಿತವಾದ ಇಡೀ ಮೇಳದ ತುಣುಕುಗಳು. ೧೯೭೧ರಲ್ಲಿ ಆಟಿಕೆಗಳ ಕಂಪೆನಿಯಾದ ಮ್ಯಾಟೆಲ್ ತಂದ 'ಆಪ್ಟಿಗನ್' ಎಂಬುದರಲ್ಲಿ ಪಾರದರ್ಶಕವಾದ ತಟ್ಟೆಯ ಮೇಲೆ ಧ್ವನಿಯನ್ನು ಬೆಳಕಿನ ಗೆರೆಗಳಾಗಿ ಮುದ್ರಿಸಿ, ಎಡಗೈಯ ಗುಂಡಿಗಳಿಗೆ ನಿಜವಾದ ವಾದಕರು ನುಡಿಸಿದ ಗುಚ್ಛಗಳನ್ನು ಜೋಡಿಸಿದ್ದರು. ಧ್ವನಿ ಗೊರಗೊರನೆ ಬರುತ್ತಿತ್ತು. ಆದರೆ ಇಂದಿನ ಅರೇಂಜರಿನ ಸಂಪೂರ್ಣ ಕಲ್ಪನೆ ಅದರಲ್ಲಿದೆ.

೧೯೮೦ರಲ್ಲಿ ಕ್ಯಾಸಿಯೋ ರಂಗಕ್ಕೆ ಬಂದಿತು. ಲೆಕ್ಕದ ಯಂತ್ರಗಳನ್ನು ಮಾಡುತ್ತಿದ್ದ ಕಾಶಿಯೋ ಸಹೋದರರ ಸಂಸ್ಥೆಯಿದು; ಸಹೋದರರಲ್ಲಿ ತೋಶಿಯೋ ಎಂಬುವನಿಗೆ ವಾದ್ಯದ ಹಂಬಲ. ಮೊದಲ ವಾದ್ಯವಾದ ಕ್ಯಾಸಿಯೋಟೋನ್ ೨೦೧ರಲ್ಲಿ ೨೯ ಬಗೆಯ ನಾದಗಳಿದ್ದವು. ಅವನ್ನು ಕಟ್ಟಿದ ಕ್ರಮಕ್ಕೆ ಅವರಿಟ್ಟ ಹೆಸರನ್ನು ಕನ್ನಡದಲ್ಲಿ 'ವ್ಯಂಜನ-ಸ್ವರ ಸಂಯೋಜನೆ' ಎನ್ನಬಹುದು. 'ಕ' ಎಂದಾಗ ನಾಲಗೆಯ ಮೂಲ ತಗಲುವ ಕ್ಷಣಿಕವಾದ ಸದ್ದು ವ್ಯಂಜನ. ಅನಂತರ ಉಳಿಯುವ 'ಅ'ಕಾರ ಸ್ವರ. ವಾದ್ಯದ ನಾದವೂ ಹೀಗೆಯೇ. ವೀಣೆಯ ತಂತಿಗೆ ಉಗುರು ತಗಲಿದ ಕ್ಷಣದ ಸದ್ದು ಒಂದು, ಬಳಿಕ ಉಳಿಯುವ ಝೇಂಕಾರ ಇನ್ನೊಂದು. ಕ್ಯಾಸಿಯೋ ಯಂತ್ರವು ಇವೆರಡನ್ನೂ ಬೇರೆ ಬೇರೆಯಾಗಿ ರಚಿಸಿ ಬೆರೆಸುತ್ತಿತ್ತು. ಭಾಷೆಯ ಸ್ವರಕ್ಕೂ ಸಂಗೀತದ ಸ್ವರಕ್ಕೂ ಒಂದೇ ಶಬ್ದವನ್ನು ಇಟ್ಟುಕೊಂಡಿರುವ ನಮಗೆ ಈ ವಿಚಾರವು ಅಷ್ಟೇನೂ ಹೊಸದೆನಿಸದು. ವಾದ್ಯಗಳನ್ನು ಕಿವಿ ಗುರುತಿಸುವುದು ಬಹುಮಟ್ಟಿಗೆ ಅವುಗಳ ವ್ಯಂಜನದಿಂದ. ಆರಂಭದ ಆ ಕ್ಷಣವನ್ನು ಕತ್ತರಿಸಿ ಕೇಳಿಸಿದರೆ ಒಂದು ವಾದ್ಯವನ್ನು ಇನ್ನೊಂದೆಂದು ಭ್ರಮಿಸುವುದು ಸುಲಭ.

ಕ್ಯಾಸಿಯೋವಿನ ಎಡಗೈಯ ಭಾಗದಿಂದ ಒಂದು ವಿಚಿತ್ರವಾದ ಫಲವೂ ಹುಟ್ಟಿತು. ೧೯೮೧ರ ಎಂ. ಟಿ. ೪೦ ಎಂಬ ಸಣ್ಣ ವಾದ್ಯಕ್ಕೆ ತಾಳದ ನಡೆಗಳನ್ನು ರಚಿಸಿದವರು ಹಿರೋಕೋ ಓಕುದಾ ಎಂಬ ತರುಣಿ. ಸಂಗೀತ ವಿದ್ಯಾಲಯದಲ್ಲಿ ಜಮೈಕಾ ದ್ವೀಪದ ರೆಗ್ಗೆ ಸಂಗೀತವನ್ನು ಕುರಿತು ಪ್ರಬಂಧ ಬರೆದು, ೧೯೮೦ರಲ್ಲಷ್ಟೆ ಕೆಲಸಕ್ಕೆ ಸೇರಿದ್ದರು. ಅವರು 'ರಾಕ್' ಎಂಬ ಗುಂಡಿಗೆ ಕಟ್ಟಿಕೊಟ್ಟ ಮಂದ್ರದ ನಡೆಯೊಂದು ಜಮೈಕಾವನ್ನೇ ಸೇರಿ, ೧೯೮೫ರಲ್ಲಿ ವೇಯ್ನ್ ಸ್ಮಿತ್ ಎಂಬ ಹಾಡುಗಾರನೂ ಕಿಂಗ್ ಜ್ಯಾಮಿ ಎಂಬ ಮುದ್ರಣಕಾರನೂ ಸೇರಿ ತಂದ 'ಸ್ಲೆಂಗ್ ಟೆಂಗ್' ಹಾಡಿಗೆ ಬುನಾದಿಯಾಯಿತು. ಅದೇ ನಡೆಯ ಮೇಲೆ ಅನಂತರ ನೂರಾರು ಹಾಡುಗಳು ಹುಟ್ಟಿ, ಆ ದ್ವೀಪದ ಸಂಗೀತದ ದಿಕ್ಕೇ ಬದಲಾಯಿತು. ಜಮೈಕಾದ ಸಂಗೀತವನ್ನು ಪ್ರೀತಿಸಿದ ಜಪಾನೀ ತರುಣಿಯೊಬ್ಬಳು ಯಂತ್ರದೊಳಗೆ ಇಟ್ಟ ಕಾಣಿಕೆ ಜಮೈಕಾಕ್ಕೇ ತಲುಪಿದ ಈ ವೃತ್ತಾಂತವು, ಯಂತ್ರಸಂಗೀತವೆಂದು ಮೂಗು ಮುರಿಯುವವರು ಒಮ್ಮೆ ಕೇಳಿಕೊಳ್ಳತಕ್ಕದ್ದು.

ಯಮಾಹದ ಬಲವಿದ್ದದ್ದು ಬೇರೆ ಕಡೆ. ೧೯೬೭ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಎಂಬ ಸಂಗೀತಗಾರರು ಗಣಕಯಂತ್ರದ ಮೇಲೆ ಸ್ವರವನ್ನು ಕಂಪಿಸಿ ನೋಡುತ್ತಿದ್ದರು. ಸೆಕೆಂಡಿಗೆ ಐದಾರು ಸಲ ಸ್ವರವು ಮೇಲೆಕೆಳಗಾದರೆ ನಮ್ಮ ಕಿವಿಗೆ ಅದು ಕಂಪಿತವೆನಿಸುತ್ತದೆ. ಅದನ್ನು ನೂರಾರು ಸಲಕ್ಕೆ ಏರಿಸಿದಾಗ ಕಂಪನವು ಮಾಯವಾಗಿ, ಗಂಟೆಯಂತೆಯೋ ಕಹಳೆಯಂತೆಯೋ ಹೊಸ ನಾದವೊಂದು ಕೇಳಿಬಂದಿತು. ಒಂದು ತರಂಗದಿಂದ ಇನ್ನೊಂದು ತರಂಗವನ್ನು ಕುಲುಕಿ ಅಸಂಖ್ಯ ಉಪಸ್ವರಗಳನ್ನು ಹುಟ್ಟಿಸುವ ಈ ಕ್ರಮಕ್ಕೆ ಎಫ್. ಎಂ. ಎಂದು ಹೆಸರಾಯಿತು. ಸಿದ್ಧಾಂತಿಯಾಗಿ ಕಂಡದ್ದಲ್ಲ, ಕಿವಿಯಿಂದ ಕಂಡದ್ದು ಎಂಬುದು ಇದರ ಸ್ವಾರಸ್ಯ. ಅಮೆರಿಕದ ಆರ್ಗನ್ ಕಂಪೆನಿಗಳು ಇದನ್ನು ನಿರಾಕರಿಸಿದವು. ವಿಶ್ವವಿದ್ಯಾನಿಲಯವು ಚೌನಿಂಗರಿಗೆ ಕಾಯಂ ಹುದ್ದೆಯನ್ನೂ ಕೊಡದೆ ಕಳುಹಿಸಿ, ಕೆಲವು ವರ್ಷಗಳಲ್ಲಿ ಪುನಃ ಕರೆದುಕೊಂಡಿತು. ಯಮಾಹದ ಶಿಲ್ಪಿಗಳು ಮಾತ್ರ ನೋಡಿದೊಡನೆಯೇ ಅರ್ಥಮಾಡಿಕೊಂಡರು. ೧೯೮೩ರಲ್ಲಿ ಬಂದ ಡಿ. ಎಕ್ಸ್. ೭ ಎಂಬ ವಾದ್ಯವು ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಆರು ತರಂಗಗಳು ಒಂದನ್ನೊಂದು ಕುಲುಕುತ್ತಿದ್ದರೆ, ಯಮಾಹದ ಅಗ್ಗದ ಮನೆವಾದ್ಯಗಳಲ್ಲಿ ಎರಡೇ ತರಂಗಗಳು. ಆ ಎರಡರಿಂದಲೇ ಗಾಜಿನ ಬಳೆ ತಾಗಿದಂತಹ ಸ್ಪಷ್ಟವಾದ ನಾದವು ಬರುತ್ತಿತ್ತು. ಪಿಟೀಲು ಮಾತ್ರ ಪಿಟೀಲೆನಿಸುತ್ತಿರಲಿಲ್ಲ.

ಪಿಟೀಲು ಪಿಟೀಲೇ ಆಗಬೇಕಾದರೆ ನಿಜವಾದ ಪಿಟೀಲಿನ ಧ್ವನಿಯನ್ನು ಅಂಕೆಗಳಾಗಿ ಬರೆದು ಸ್ಮೃತಿಯಲ್ಲಿಡಬೇಕು. ಮೆಲ್ಲೊಟ್ರಾನಿನ ಆಸೆಯೇ ಇದು. ಪಟ್ಟಿಯ ಬದಲು ಅಂಕೆ. ೧೯೮೦ರ ದಶಕದಲ್ಲಿ ಸ್ಮೃತಿಯು ಬಹಳ ದುಬಾರಿಯಾಗಿತ್ತು. ಆದುದರಿಂದ ರೋಲೆಂಡ್ ಕಂಪೆನಿಯು ೧೯೮೭ರ ಡಿ-೫೦ ವಾದ್ಯದಲ್ಲಿ ನಿಜನಾದದ ಆರಂಭದ ತುಣುಕನ್ನು ಮಾತ್ರ ಮುದ್ರಿಸಿಟ್ಟು, ಉಳಿದದ್ದನ್ನು ಕೃತಕವಾಗಿ ಹುಟ್ಟಿಸಿ ಅಂಟಿಸಿತು. ವ್ಯಂಜನವು ಸಾಲ ತಂದದ್ದು, ಸ್ವರವು ಸ್ವಂತದ್ದು! ಬಡತನದಿಂದ ಹುಟ್ಟಿದ ಈ ಜಾಣ್ಮೆಯ ನಾದಕ್ಕೆ ಒಂದು ವಿಲಕ್ಷಣವಾದ ಸೊಗಸುಂಟು. ೧೯೮೮ರ ಕೋರ್ಗ್ ಎಂ. ೧ರಲ್ಲಿ ಸಮಸ್ತ ನಾದಭಂಡಾರವೂ ನಾಲ್ಕು ಮೆಗಾಬೈಟಿನಲ್ಲಿ ಅಡಗಿತ್ತು. ೨೦೧೭ರ ಯಮಾಹ ಜೆನೋಸ್ ಎಂಬ ಅರೇಂಜರಿನಲ್ಲಿ ಕೊಂಡವನು ತಾನಾಗಿ ತುಂಬಿಕೊಳ್ಳುವ ನಾದಗಳಿಗೆಂದು ಬಿಟ್ಟಿರುವ ಜಾಗವೇ ೧.೮ ಗಿಗಾಬೈಟು, ಎಂದರೆ ಅದರ ನಾನೂರು ಪಾಲಿಗಿಂತಲೂ ಹೆಚ್ಚು. ಆದರೂ ಎಂ. ೧ರ ಪಿಯಾನೋ ನಾದವನ್ನು ಈಗಲೂ ಜನರು ಬೇಕೆಂದು ಕೇಳುತ್ತಾರೆ. ನಿಜವಾದ ಪಿಯಾನೋವಿನಂತೆ ಇದೆಯೆಂದಲ್ಲ, ಎಂ. ೧ರಂತೆ ಇದೆಯೆಂದು.

ಎರಡು ವಂಶಗಳೂ ಒಂದಾದದ್ದು ೧೯೮೮ರಲ್ಲಿ ರೋಲೆಂಡಿನ ಇಟಲಿಯ ಶಾಖೆಯಿಂದ ಬಂದ ಇ-೧೦, ಇ-೨೦ ಎಂಬ ವಾದ್ಯಗಳಲ್ಲಿ ಎಂದು ಹೇಳಬಹುದು. ಆ ಶಾಖೆ ಇದ್ದದ್ದು ಮಾರ್ಕೆ ಪ್ರಾಂತದಲ್ಲಿಯೇ. ಕೋರ್ಗ್ ಕಂಪೆನಿಯ ಅರೇಂಜರುಗಳು ಅದೇ ಪ್ರಾಂತದ ಓಸಿಮೋ ಊರಿನಲ್ಲಿ ರೂಪುಗೊಂಡವು. ಕೆಟ್ರಾನ್ ಕಂಪೆನಿ ಇರುವುದು ಅಲ್ಲಿನ ಅಂಕೋನಾದಲ್ಲಿ. ಅಕಾರ್ಡಿಯನ್ನನ್ನು ಕಟ್ಟಿದವರ ಮೊಮ್ಮಕ್ಕಳ ಕೈಗೆ ಎಡಗೈಯ ಮೇಳವು ಪುನಃ ಬಂದು ಸೇರಿತು. ಈ ವಾದ್ಯಗಳಲ್ಲಿ ಪ್ರತಿಯೊಂದು ನಡೆಗೂ ಪೀಠಿಕೆ, ಪ್ರಧಾನ ಭಾಗ, ಅದರ ಭೇದ, ಜೋಡಣೆಯ ಪೆಟ್ಟು, ಮುಕ್ತಾಯ ಎಂದು ಅಂಗಗಳುಂಟು. ವಾದಕನೊಬ್ಬನು ಅವುಗಳನ್ನು ಒಂದು ಗೊತ್ತಾದ ಗುಚ್ಛದ ಮೇಲೆ ನುಡಿಸಿ ಒಮ್ಮೆ ದಾಖಲಿಸಿರುತ್ತಾನೆ. ನಮ್ಮ ಎಡಗೈ ಬೇರೆ ಗುಚ್ಛವನ್ನು ಒತ್ತಿದಾಗ ಯಂತ್ರವು ಆ ಸ್ವರಗಳನ್ನೆಲ್ಲ ಹೊಸ ಆಧಾರಕ್ಕೆ ಜರುಗಿಸುತ್ತದೆ. ಒತ್ತಿದ ಗುಚ್ಛದಲ್ಲಿ ಅಂತರಗಾಂಧಾರದ ಬದಲು ಸಾಧಾರಣಗಾಂಧಾರವಿದ್ದರೆ ಮೇಳದ ಗಾಂಧಾರಗಳನ್ನೂ ಹಾಗೆಯೇ ಇಳಿಸುತ್ತದೆ. ತಾಳದ ಪೆಟ್ಟನ್ನು ಮಾತ್ರ ಮುಟ್ಟುವುದಿಲ್ಲ. ಇಷ್ಟೇ ಇದರ ಬುದ್ಧಿ.

ಹಳೆಯ ಅರೇಂಜರುಗಳನ್ನು ತೂಗಿ ನೋಡುವವರು ಸಾಮಾನ್ಯವಾಗಿ ನಾದಗಳ ಸಂಖ್ಯೆಯನ್ನು ಎಣಿಸುತ್ತಾರೆ. ಅದು ಸರಿಯಾದ ತಕ್ಕಡಿಯಲ್ಲ. ಎಫ್. ಎಂ. ಕಾಲದ ಯಮಾಹ ವಾದ್ಯಗಳಲ್ಲಿ ಮೇಳವು ಗೊಂಬೆಯಾಟದಂತೆ ಇದ್ದರೂ ಹಾಡುಗಾರನ ದನಿಗೆ ದಾರಿ ಬಿಡುತ್ತಿತ್ತು. ೧೯೯೩ರ ಕೋರ್ಗ್ ಐ-೩, ಅದೇ ದಶಕದ ಟೆಕ್ನಿಕ್ಸ್ ಕೆ. ಎನ್. ಶ್ರೇಣಿ ಇವುಗಳಲ್ಲಿ ಮೇಳವು ನಿಜದ ಮೇಳಕ್ಕೆ ಬಹಳ ಹತ್ತಿರವಾಗಿ, ಹಾಡುಗಾರನನ್ನೇ ಮುಚ್ಚುವಷ್ಟು ತುಂಬಿಕೊಂಡಿತು. ಎಷ್ಟು ನುಡಿಸಬಾರದೆಂಬುದನ್ನು ಒಳ್ಳೆಯ ಪಕ್ಕವಾದ್ಯದವನು ಬಲ್ಲನು. ಯಂತ್ರಕ್ಕೆ ಅದನ್ನು ನುಡಿಸುವವನೇ ಗುಂಡಿಗಳನ್ನು ಆರಿಸಿ ಕಲಿಸಬೇಕು. ಹಾಗೆ ಆರಿಸುವ ವಿವೇಕವುಳ್ಳವರು ವಿರಳ.

ಇನ್ನು ಅನ್ನದ ಪ್ರಶ್ನೆ. ೧೯೮೨ರಲ್ಲಿ ಇಂಗ್ಲೆಂಡಿನ ವಾದಕರ ಸಂಘದ ಮಧ್ಯ ಲಂಡನ್ ಶಾಖೆಯು ಕೃತಕನಾದದ ವಾದ್ಯಗಳನ್ನೂ ತಾಳಯಂತ್ರಗಳನ್ನೂ ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಜನಪ್ರಿಯ ಗಾಯಕನೊಬ್ಬನು ಸಂಚಾರದಲ್ಲಿ ವಾದ್ಯವೃಂದದ ಬದಲು ಈ ಯಂತ್ರಗಳನ್ನೇ ಕರೆದುಕೊಂಡು ಹೋದದ್ದು ಅದಕ್ಕೆ ಕಾರಣವಾಗಿತ್ತು. ನಿಷೇಧ ನಡೆಯಲಿಲ್ಲ, ಆದರೆ ಭಯವು ಹುಸಿಯೂ ಆಗಲಿಲ್ಲ. ನಮ್ಮ ರಸಮಂಜರಿ ಕಾರ್ಯಕ್ರಮಗಳ ತಂಡಗಳಲ್ಲಿ ಅಕಾರ್ಡಿಯನ್, ಟ್ರಂಪೆಟ್, ಬ್ಯಾಂಜೋ, ಪಿಟೀಲು, ತಬಲಾ, ಬಾಂಗೋ ಎಂದು ಇದ್ದ ಸಾಲು ಕ್ರಮೇಣ ಕರಗಿ, ಒಬ್ಬ ಕೀಬೋರ್ಡಿನವನೂ ಒಬ್ಬ ರಿದಂ ಪ್ಯಾಡಿನವನೂ ಉಳಿದುಕೊಂಡದ್ದನ್ನು ಮಧ್ಯವಯಸ್ಸು ದಾಟಿದ ವಾಚಕರು ಕಣ್ಣಾರೆ ಕಂಡಿದ್ದಾರೆ. ಟ್ರಂಪೆಟ್ಟಿನವನು ಬ್ಯಾಂಡ್‌ಸೆಟ್ಟಿಗೆ ಹೋದನು. ಅಕಾರ್ಡಿಯನ್ನಿನವನು ಕೀಬೋರ್ಡನ್ನು ಕಲಿತನು. ಉಳಿದವರು ಎಲ್ಲಿ ಹೋದರೆಂದು ಯಾರೂ ಬರೆದಿಡಲಿಲ್ಲ. ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಹತ್ತು ಮಂದಿ ವಾದಕರನ್ನು ಕರೆಸುವ ಶಕ್ತಿಯಿಲ್ಲದ ಹಳ್ಳಿಯ ಶಾಲೆಯ ಮಕ್ಕಳು ತಾಳಮೇಳಗಳೊಡನೆ ಹಾಡುವಂತಾದದ್ದು ಇದೇ ಪೆಟ್ಟಿಗೆಯಿಂದ.

ನಮ್ಮ ಸಂಗೀತಕ್ಕೆ ಇದರ ಮೇಲಿರುವ ದೊಡ್ಡ ಆಕ್ಷೇಪಣೆ ಶ್ರುತಿಯದು. ಸ್ಥಾಯಿಯನ್ನು ೧೨೦೦ ಪಾಲು ಮಾಡಿದರೆ ಶುದ್ಧವಾಗಿ ಕೂಡುವ ಅಂತರಗಾಂಧಾರವು ೩೮೬ರಲ್ಲಿ ನಿಲ್ಲುತ್ತದೆ. ಈ ಮನೆಗಳ ಮೇಲೆ ಅದು ೪೦೦ಕ್ಕೆ ಏರಿದೆ. ಹದಿನಾಲ್ಕು ಪಾಲಿನ ಈ ಅಪಸ್ವರ ಪೇಟಿಯಲ್ಲಿಯೂ ಇತ್ತು. ಗಮಕವನ್ನಂತೂ ಪೇಟಿ ನುಡಿಯಲಾರದು. ಇಂತಹ ಕಾರಣಗಳಿಂದಲೇ ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿ, ೧೯೭೧ರವರೆಗೂ ಬಾಗಿಲು ಹಾಕಿತ್ತು. ವಿದ್ಯುದ್ವಾದ್ಯಕ್ಕೆ ಒಂದು ಅನುಕೂಲವುಂಟು. ಅದರ ಎಡತುದಿಯಲ್ಲಿರುವ ಪುಟ್ಟ ಚಕ್ರವನ್ನೋ ಸನ್ನೆಯನ್ನೋ ಅಲುಗಿಸಿದರೆ ಸ್ವರವು ಜಾರುತ್ತದೆ. ಚೆನ್ನೈಯ ಕೆ. ಸತ್ಯನಾರಾಯಣನ್ ಅವರಂತಹ ವಿದ್ವಾಂಸರು ಇದರಿಂದಲೇ ಗಮಕಗಳನ್ನು ತೆಗೆದು ಕರ್ನಾಟಕ ಸಂಗೀತದ ಕಚೇರಿಗಳನ್ನು ನಡೆಸಿದ್ದಾರೆ. ತಿದಿಯನ್ನು ಬಿಟ್ಟ ನಮ್ಮವರ ಎಡಗೈಗೆ ಕೊನೆಗೆ ದೊರೆತ ಉದ್ಯೋಗವಿದು: ಗುಚ್ಛವಲ್ಲ, ಗಮಕ. ಬೊಂಬಾಯಿಯ ಚಲಚ್ಚಿತ್ರಮೇಳದ ಚರಣಜಿತ್ ಸಿಂಗ್ ಎಂಬುವರು ೧೯೮೨ರಲ್ಲಿ ಹತ್ತು ರಾಗಗಳನ್ನು ರೋಲೆಂಡ್ ಯಂತ್ರಗಳ ಮೇಲೆ ನುಡಿಸಿ ಧ್ವನಿಮುದ್ರಿಕೆ ಮಾಡಿದರು. ಅದರಲ್ಲಿ ಬಳಸಿದ ಟಿ. ಬಿ. ೩೦೩ ಎಂಬ ಯಂತ್ರವು ಗಿಟಾರುಗಾರರಿಗೆ ಮಂದ್ರದ ಪಕ್ಕವಾದ್ಯವಾಗಲೆಂದು ಮಾಡಿದ್ದು, ಆ ಕೆಲಸದಲ್ಲಿ ಸೋತದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅದರ ಗುಣವು ರಾಗಕ್ಕೆ ಒದಗಿ ಬಂದಿತು. ಆಗ ಯಾರೂ ಕೊಳ್ಳದ ಆ ಮುದ್ರಿಕೆಯನ್ನು ಸುಮಾರು ಮೂರು ದಶಕಗಳ ಮೇಲೆ ಯೂರೋಪಿನವರು ಹುಡುಕಿಕೊಂಡು ಬಂದರು.

ಬೆಂಗಳೂರಿನಲ್ಲಿ ಜಿ. ರಾಜ್‌ನಾರಾಯಣರು ೧೯೭೯ರ ಸುಮಾರಿಗೆ ವಿದ್ಯುತ್ ತಂಬೂರಿಯನ್ನು ರಚಿಸಿದ್ದೂ ಈ ಚರಿತ್ರೆಗೆ ಸೇರತಕ್ಕದ್ದೇ. ಸ್ವತಃ ಕೊಳಲು ನುಡಿಸುವ ಶಿಲ್ಪಿಯೊಬ್ಬರು ಕಟ್ಟಿದ ಆ ಪೆಟ್ಟಿಗೆಯು ಗುಚ್ಛದ ಗೊಡವೆಗೆ ಹೋಗದೆ, ಆಧಾರಶ್ರುತಿಯೊಂದನ್ನೇ ಅಚ್ಚುಕಟ್ಟಾಗಿ ನುಡಿಯಿತು. ಪಾಶ್ಚಾತ್ಯರಿಗೆ ಅರೇಂಜರು ಹೇಗೋ ನಮ್ಮ ಗಾಯಕರಿಗೆ ಇದು ಹಾಗೆ. ತಂಬೂರಿ ಮೀಟುವ ಶಿಷ್ಯನು ಕಚೇರಿಯ ಹಿಂದಿನ ಸಾಲಿನಿಂದ ಎದ್ದುಹೋದದ್ದು ಅದರ ಬೆಲೆ. ಈಚೆಗೆ ದೊಡ್ಡ ಕಂಪೆನಿಗಳೇ ಭಾರತಕ್ಕೆಂದು ತಬಲಾ, ತಂಬೂರಿಗಳನ್ನು ಒಳಗೊಂಡ ಕೀಬೋರ್ಡುಗಳನ್ನು ಮಾಡುತ್ತಿವೆ. ಅರಬ್ಬೀ ಸಂಗೀತಕ್ಕಾಗಿ ಯಮಾಹವು ತಂದ ವಾದ್ಯಗಳಲ್ಲಿ ಒಂದೊಂದು ಮನೆಯ ಶ್ರುತಿಯನ್ನೂ ಪ್ರತ್ಯೇಕವಾಗಿ ಇಳಿಸುವ ಅನುಕೂಲವಿದೆ. ಅಂತರಗಾಂಧಾರದ ಹದಿನಾಲ್ಕು ಪಾಲನ್ನು ಸರಿಪಡಿಸಿಕೊಳ್ಳಲು ಅಷ್ಟೇ ಸಾಕು. ನಮ್ಮ ವಾದಕರು ಅದನ್ನು ಬಳಸಿ ನೋಡಬೇಕು.

ಹಳೆಯ ಯಂತ್ರಗಳು ಈಗ ಒಂದೊಂದಾಗಿ ಮೂಕವಾಗುತ್ತಿವೆ. ಹ್ಯಾಮಂಡಿನ ಬಿಲ್ಲೆಗಳು ವರ್ಷಕ್ಕೊಮ್ಮೆ ಎಣ್ಣೆ ಕಂಡರೆ ತೊಂಬತ್ತು ವರ್ಷಗಳ ಮೇಲೆಯೂ ತಿರುಗುತ್ತವೆ. ಡಿ. ಎಕ್ಸ್. ೭ರ ಒಳಗೆ ಬೆಸೆದಿರುವ ಬ್ಯಾಟರಿ ಬರಿದಾದರೆ ನುಡಿಸುವವನು ಕಟ್ಟಿಟ್ಟ ನಾದಗಳೆಲ್ಲ ಅಳಿಸಿಹೋಗುತ್ತವೆ. ೧೯೯೦ರ ದಶಕದ ಅರೇಂಜರುಗಳ ನಡೆಗಳನ್ನು ತುಂಬಿದ್ದ ಫ್ಲಾಪಿ ತಟ್ಟೆಗಳಿಗೆ ಬೂಷ್ಟು ಹಿಡಿದಿದೆ. ಟೆಕ್ನಿಕ್ಸ್ ಕಂಪೆನಿಯು ಈ ವಾದ್ಯಗಳ ತಯಾರಿಕೆಯನ್ನೇ ಬಿಟ್ಟು ಬಹಳ ಕಾಲವಾಯಿತು. ನಮ್ಮ ತಂಡಗಳವರು ಕನ್ನಡದ ಹಾಡುಗಳಿಗಾಗಿ ತಾವೇ ಕಟ್ಟಿಕೊಂಡ ನಡೆಗಳು ಅಂತಹ ತಟ್ಟೆಗಳಲ್ಲಿವೆ. ತಟ್ಟೆಗಳನ್ನು ಓದುವ ಯಂತ್ರವನ್ನು ಇನ್ನೂ ಇಟ್ಟುಕೊಂಡಿರುವವರು ಅವುಗಳ ಪ್ರತಿಯನ್ನು ತೆಗೆದು, ಮೇಲೆ ಹಾಡಿನ ಹೆಸರನ್ನೂ ಕಟ್ಟಿದವನ ಹೆಸರನ್ನೂ ಇಸವಿಯನ್ನೂ ಬರೆದಿಟ್ಟರೆ, ಮುಂದೆ ಈ ಚರಿತ್ರೆಯ ಕರ್ನಾಟಕ ಭಾಗವನ್ನು ಬರೆಯುವವರಿಗೆ ಆಧಾರವೊಂದು ದೊರೆಯುತ್ತದೆ.